ಕಡಲತಡಿಯ ಪ್ರವಾಸಕ್ಕೆ ಕಾಲವಿವೇಚನೆ

ಹಿಂದೆ ನಮ್ಮ ಬಯಲುಸೀಮೆಯ ಮನೆತನಗಳವರು ಊರು ಬಿಟ್ಟು ಹೊರಟರೆಂದರೆ ಅದು ಜಾತ್ರೆಗೆ, ಮದುವೆಗೆ, ಇಲ್ಲವೆ ಬೀಗರ ಊರಿಗೆ. ಈಗ ಕಾಲ ಬದಲಾಗಿದೆ. ಮಕ್ಕಳು ಸಮುದ್ರ ನೋಡಬೇಕೆನ್ನುತ್ತಾರೆ, ಮಗ-ಸೊಸೆಯರಿಗೆ ಕಚೇರಿಯ ರಜೆ ಸಿಕ್ಕಿರುತ್ತದೆ, ಹಿರಿಯರು ಗೋಕರ್ಣವನ್ನಾದರೂ ಕಂಡು ಬರೋಣವೆನ್ನುತ್ತಾರೆ. ಹುಬ್ಬಳ್ಳಿ, ಧಾರವಾಡ, ಹಾವೇರಿ, ಗದಗಗಳ ಕಡೆಯವರಿಗೆ ಯಲ್ಲಾಪುರ ದಾಟಿ ಅರಬೈಲು ಘಟ್ಟವಿಳಿದರೆ ಅಂಕೋಲೆ, ಅಲ್ಲಿಂದ ಬಲಕ್ಕೆ ತಿರುಗಿದರೆ ಕಾರವಾರ. ಮುಂಜಾನೆ ಹೊರಟು ಮಧ್ಯಾಹ್ನದೊಳಗೆ ಕಡಲ ದರ್ಶನ ಮಾಡಬಹುದಾದ ಹಾದಿ. ಆದರೆ ಹೋಗಿ ಬಂದ ಭಕ್ತರನ್ನು ನಾವು ವಿಚಾರಿಸಿದಾಗ, "ಜನರನ್ನು ನೋಡಿ ಬಂದೆವು ಬುದ್ಧಿ, ಸಮುದ್ರ ಕಾಣಲಿಲ್ಲ" ಎಂಬ ಉತ್ತರ ಒಂದಲ್ಲ ಹಲವು ಸಲ ಬಂದಿದೆ. ಹಾಗಾದರೆ ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ನಮಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಬೆಂಗಳೂರಿನ ಸಮೀಪ ಬಿಡದಿಯಲ್ಲಿ ೨೦೦೫ರಲ್ಲಿ ತೆರೆದ ವಂಡರ್‌ಲಾದಂತಹ ಮನೋರಂಜನಾ ಉದ್ಯಾನಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಆದರೆ ಅಲ್ಲಿ ಜನಸಂದಣಿಯಿಂದಾಗುವ ನಷ್ಟ ಬಹುಮಟ್ಟಿಗೆ ಹೊತ್ತಿನದು ಮತ್ತು ಹಣದ್ದು. ಬಿಸಿಲಿನಲ್ಲಿ ಸರದಿ ನಿಲ್ಲಬೇಕು, ರಜಾದಿನದ ಹೆಚ್ಚಿನ ದರ ತೆರಬೇಕು. ಆಸನ ತುಂಬಿದೊಡನೆ ಇನ್ನು ಸಾಕೆಂದು ತಡೆಯುವವನೊಬ್ಬ ಅಲ್ಲಿರುತ್ತಾನೆ, ಅಪಾಯವೆನಿಸಿದರೆ ಯಂತ್ರವನ್ನು ನಿಲ್ಲಿಸುವವನಿರುತ್ತಾನೆ. ಕಡಲಿಗೆ ಬಾಗಿಲಿಲ್ಲ, ಚೀಟಿಯಿಲ್ಲ, ಅಲೆಯನ್ನು ನಿಲ್ಲಿಸುವ ಗುಂಡಿಯಿಲ್ಲ. ಎಷ್ಟು ಜನ ಬಂದರೂ ಒಳಗೊಳ್ಳುವಂತೆ ತೋರುತ್ತದೆ. ಆದುದರಿಂದ ಕಡಲತಡಿಗೆ ಹೋಗುವವರಿಗೆ ಕಾಲದ ಆಯ್ಕೆಯೆಂಬುದು ಬರಿಯ ಅನುಕೂಲದ ಮಾತಲ್ಲ.

೨೦೧೯ರ ಜನವರಿ ೨೧ರಂದು ನಡೆದುದನ್ನು ಹಾವೇರಿ ಸೀಮೆಯವರು ಇನ್ನೂ ಮರೆತಿಲ್ಲ. ಕಾರವಾರದ ಎದುರಿಗಿರುವ ಕೂರ್ಮಗಡ ದ್ವೀಪದಲ್ಲಿ ಪುಷ್ಯ ಹುಣ್ಣಿಮೆಯಂದು ನರಸಿಂಹ ದೇವರ ಜಾತ್ರೆ ನೆರೆಯುತ್ತದೆ. ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಅಂದು ಮಗುಚಿ ೧೬ ಮಂದಿ ಜಲಸಮಾಧಿಯಾದರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಮಕ್ಕಳೊಡನೆ ಬಂದಿದ್ದ ಕುಟುಂಬಸ್ಥರು. ದೋಣಿಯಲ್ಲಿ ಮಿತಿಮೀರಿ ಜನ ಏರಿದ್ದರು, ತೇಲುವ ಅಂಗಿಗಳಿರಲಿಲ್ಲವೆಂದು ಆಗ ವರದಿಯಾಯಿತು. ದೋಣಿ ನಡೆಸುವವನ ಹೊಣೆ, ಅಧಿಕಾರಿಗಳ ಹೊಣೆ ಇದ್ದೇ ಇದೆ. ಅದನ್ನು ನಾವು ಕಿರಿದುಮಾಡುವುದಿಲ್ಲ. ಆದರೆ ವರ್ಷಕ್ಕೊಂದೇ ದಿನ ಸಾವಿರಾರು ಜನ ಕೆಲವೇ ದೋಣಿಗಳಿಗಾಗಿ ಕಾಯುವಲ್ಲಿ "ಇನ್ನಿಬ್ಬರು ಬನ್ನಿ" ಎಂಬ ಕರೆ ಏಳುವುದೂ, ದಣಿದವರು ಅದಕ್ಕೆ ಓಗೊಡುವುದೂ ಸಹಜವಾಗಿಬಿಡುತ್ತದೆ. ಸಂದಣಿಯು ವಿವೇಕವನ್ನು ಕಸಿಯುವ ಬಗೆ ಇದು. ಅದೇ ದೋಣಿಗೆ, ಅದೇ ನೀರಿನಲ್ಲಿ, ಜನವಿಲ್ಲದ ದಿನ ಹತ್ತು ಮಂದಿ ನೆಮ್ಮದಿಯಿಂದ ಏರಿ ಇಳಿಯುತ್ತಾರೆ.

ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ೨೦೨೪ರ ಡಿಸೆಂಬರ್ ೧೦ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅಂದು ಮಂಗಳವಾರ. ವಾರದ ನಡುವಿನ ದಿನವೆಂದರೆ ಬಯಲಾಗಿರುತ್ತದೆಂಬ ನಂಬಿಕೆ ಡಿಸೆಂಬರಿನಲ್ಲಿ ನಡೆಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅದು ಶಾಲಾ ಪ್ರವಾಸಗಳ ತಿಂಗಳು. ಸೋಮವಾರವಾಗಲಿ ಗುರುವಾರವಾಗಲಿ, ರಾಜ್ಯದ ನಾನಾ ಮೂಲೆಗಳಿಂದ ಬಸ್ಸುಗಳು ಸಾಲುಗಟ್ಟಿ ಕರಾವಳಿಗೆ ಇಳಿಯುತ್ತವೆ. ಕಾರವಾರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆಯುವ ವರ್ಷಗಳಲ್ಲಿ ಜನ ಇನ್ನೂ ಹೆಚ್ಚು. ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗೆ ಗೋವೆಗೆ ಹೋಗಿಬರುವವರ ದಟ್ಟಣೆ ಮಾಜಾಳಿಯ ಗಡಿ ದಾಟಿ ಈಚೆಗೂ ಹರಿಯುತ್ತದೆ. ಆ ದಿನಗಳಲ್ಲಿ ಮನೆಯಲ್ಲಿದ್ದವರೇ ಸುಖಿಗಳು.

ಈ ನಾಡಿನಲ್ಲಿ ಒಟ್ಟಿಗೇ ನಡೆಯುತ್ತಿರುವ ಪಂಚಾಂಗಗಳು ಹಲವು. ಶಾಲೆಗೊಂದು, ಕಚೇರಿಗೊಂದು, ಜಾತ್ರೆಗೊಂದು, ಮಳೆಗೊಂದು, ಉಬ್ಬರವಿಳಿತಕ್ಕೆ ಇನ್ನೊಂದು. ನಮ್ಮ ಮನೆಗಳಲ್ಲಿ ಪ್ರವಾಸದ ದಿನ ಗೊತ್ತುಮಾಡುವಾಗ ಕಚೇರಿಯ ಪಂಚಾಂಗವೊಂದನ್ನೇ ತೆರೆಯುತ್ತಾರೆ. ಎಲ್ಲರೂ ಅದನ್ನೇ ತೆರೆಯುವುದರಿಂದ ಎಲ್ಲರೂ ಒಂದೇ ದಿನ ಬಂದು ಸೇರುತ್ತಾರೆ.

ಮೊದಲು ಮಳೆಯದನ್ನು ನೋಡೋಣ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಸಮುದ್ರವನ್ನೇ ಉಂಡು ಬೆಳೆದವರ ಯಂತ್ರದೋಣಿಗಳು ದಡಕ್ಕೇರಿ ಕುಳಿತಿರುವಾಗ ಬಯಲುಸೀಮೆಯವರು ನೀರಿಗಿಳಿಯುವುದು ಎಂತಹ ಧೈರ್ಯವೋ ನಾವರಿಯೆವು. ಮಳೆಗಾಲದಲ್ಲಿ ಜನ ಕಡಿಮೆ, ವಸತಿಯ ದರವೂ ಇಳಿದಿರುತ್ತದೆ, ಘಟ್ಟವೆಲ್ಲ ಹಸುರೆಂದು ಕೆಲವರು ವಾದಿಸುವುದುಂಟು. ಅವರಿಗೆ ೨೦೨೪ರ ಜುಲೈ ೧೬ನ್ನು ನೆನಪಿಸಬೇಕು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯ ಸಂಸಾರವೂ ದಾರಿಯಲ್ಲಿ ನಿಂತಿದ್ದ ವಾಹನಗಳವರೂ ಗಂಗಾವಳಿ ನದಿಯ ಪಾಲಾದರು. ೨೦೨೧ರ ಜುಲೈ ತಿಂಗಳಲ್ಲಿ ಅರಬೈಲು ಘಟ್ಟದಲ್ಲಿಯೂ ಗುಡ್ಡ ಜರಿದು ಹೆದ್ದಾರಿ ಕಟ್ಟಿಹೋಗಿತ್ತು. ಜನಸಂದಣಿ ಇಲ್ಲವೆಂಬ ಒಂದೇ ಕಾರಣಕ್ಕೆ ಒಂದು ಕಾಲ ಒಳ್ಳೆಯದಾಗುವುದಿಲ್ಲ. ಜೂನ್, ಜುಲೈ, ಆಗಸ್ಟ್ ತಿಂಗಳುಗಳನ್ನು ಕುಟುಂಬದ ಪ್ರವಾಸದಿಂದ ತೆಗೆದುಹಾಕುವುದೇ ಲೇಸು.

ಶಾಲೆಯ ಮಕ್ಕಳಿರುವ ಮನೆಗಳಿಗೆ ದಸರಾ ರಜೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ವಿಜಯದಶಮಿಯ ಗದ್ದಲ ಮುಗಿದ ಬಳಿಕ, ಶಾಲೆ ತೆರೆಯುವುದಕ್ಕೆ ಮೊದಲು ಸಿಗುವ ಮಂಗಳ, ಬುಧ, ಗುರುವಾರಗಳನ್ನು ನೋಡಿಕೊಳ್ಳಬೇಕು. ಕಚೇರಿಯವರು ಕೆಲಸಕ್ಕೆ ಮರಳಿರುತ್ತಾರೆ, ಶಾಲಾ ಪ್ರವಾಸಗಳು ಇನ್ನೂ ಹೊರಟಿರುವುದಿಲ್ಲ. ಅಂಕೋಲಾ ತಾಲ್ಲೂಕಿನ ವಿಭೂತಿ ಜಲಪಾತದಲ್ಲಿ ಆಗ ನೀರು ತುಂಬಿರುತ್ತದೆ. ಸುಣ್ಣಕಲ್ಲಿನ ಬಂಡೆಗಳ ಮೇಲೆ ಇಳಿಯುವ ಆ ಬೆಳ್ಳನೆಯ ಧಾರೆಯನ್ನು ನೋಡಿದರೆ ಹೆಸರಿನ ಔಚಿತ್ಯ ಯಾರೂ ವಿವರಿಸದೆಯೇ ತಿಳಿಯುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಬಂಡೆ ಮಾತ್ರ. ಯಾಣದ ಶಿಖರಗಳಿಗೂ ಇದೇ ಸುಕಾಲ; ಶಿವರಾತ್ರಿಯ ಹೊತ್ತಿಗೆ ಅಲ್ಲಿ ಜಾತ್ರೆ. ಆದರೆ ಅಕ್ಟೋಬರಿನಲ್ಲಿ ಮೋಡ ಗುಡುಗಿದರೆ ಜಲಪಾತದ ಕೆಳಗೆ ನಿಲ್ಲಬಾರದು, ಮೇಲೆಲ್ಲೋ ಸುರಿದ ಮಳೆ ಕೆಳಗಿನವರಿಗೆ ಹೇಳಿ ಬರುವುದಿಲ್ಲ.

ಶಾಲೆಯ ಹಂಗಿಲ್ಲದ ಹಿರಿಯರಿಗೆ ಮತ್ತು ಒಕ್ಕಲುತನದ ಮನೆಗಳವರಿಗೆ ಫೆಬ್ರವರಿ ಉತ್ತಮ. ಹಿಂಗಾರಿನ ಜೋಳ, ಕಡಲೆ ಮನೆಸೇರಿದ ಮೇಲೆ ರೈತನಿಗೆ ತುಸು ಬಿಡುವು ದೊರೆಯುತ್ತದೆ. ಆಗ ಸಮುದ್ರ ಶಾಂತ, ಆಕಾಶ ತಿಳಿ, ವಾರದ ದಿನಗಳಲ್ಲಿ ಕಾರವಾರದ ತೀರ ಬಹುಪಾಲು ಊರವರದ್ದೇ. ಮಹಾಶಿವರಾತ್ರಿಯ ಹಿಂದುಮುಂದಿನ ದಿನಗಳನ್ನು ಮಾತ್ರ ಬಿಡಬೇಕು. ಗೋಕರ್ಣದ ರಥೋತ್ಸವಕ್ಕೆಂದೇ ಹೋಗುವವರು ಸಂದಣಿಯನ್ನು ಒಪ್ಪಿಕೊಂಡೇ ಹೋಗುತ್ತಾರೆ, ಅದು ಬೇರೆ ಸಂಗತಿ. ದೇವರ ತೇರನ್ನೂ ಮಕ್ಕಳ ಮರಳಾಟವನ್ನೂ ಒಂದೇ ದಿನಕ್ಕೆ ಕಟ್ಟಿದರೆ ಎರಡೂ ಕೆಡುತ್ತವೆ. ಫಾಲ್ಗುಣದಲ್ಲಿ ಹೋಳಿಯ ಆಸುಪಾಸಿಗೆ ಹೋದವರಿಗೆ ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಕಾಣಸಿಗಬಹುದು. ತಲೆಯ ಮೇಲಿನ ಆ ತುರಾಯಿಗಳ ಸೊಬಗು ಯಾವ ಉದ್ಯಾನದ ಗೊಂಬೆಗೂ ಬಾರದು.

ಬೇಸಿಗೆ ರಜೆಯ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಸಿಲೂ ಬೆವರೂ ಜನವೂ ಕೂಡಿರುತ್ತವೆ. ಆದರೂ ಮೇ ತಿಂಗಳ ಪರವಾಗಿ ಒಂದು ಮಾತುಂಟು, ಅದು ಅಂಕೋಲೆಯ ಕರಿ ಈಶಾಡ ಮಾವು. ೨೦೨೩ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಹಣ್ಣು ತನ್ನ ನೆಲ ಬಿಟ್ಟು ದೂರ ಹೋಗುವುದು ವಿರಳ. ಅದಕ್ಕಾಗಿ ಮೇ ತಿಂಗಳಲ್ಲೇ ಹೋಗುವೆವೆನ್ನುವವರನ್ನು ತಡೆಯಲು ನಮಗೆ ಮನಸ್ಸಿಲ್ಲ. ಶನಿವಾರ, ಭಾನುವಾರ ಬೇಡ, ಅಷ್ಟೆ.

ಶನಿವಾರ-ಭಾನುವಾರ ಬಿಟ್ಟು ಗತಿಯಿಲ್ಲದ ನೌಕರರಿಗೂ ಒಂದು ಉಪಾಯವಿದೆ. ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಿಗೆ ಎರಡನೆಯ, ನಾಲ್ಕನೆಯ ಶನಿವಾರಗಳು ರಜೆ. ಆ ವಾರಗಳಲ್ಲಿ ಶುಕ್ರವಾರ ಸಂಜೆಯಿಂದಲೇ ಘಟ್ಟದಲ್ಲಿ ವಾಹನಗಳ ಸಾಲು. ಆದುದರಿಂದ ಮೊದಲನೆಯ ಅಥವಾ ಮೂರನೆಯ ವಾರಾಂತ್ಯವನ್ನು, ಅದರ ಅಕ್ಕಪಕ್ಕ ಬೇರೆ ರಜೆ ಸೇರಿಲ್ಲವೆಂದು ನೋಡಿಕೊಂಡು, ಆರಿಸಬೇಕು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಮ್ಮ ತಾಯಂದಿರು ಟಿಕೆಟ್ಟಿನ ಹಣವಿಲ್ಲದೆ ಸಂಚರಿಸುತ್ತಿದ್ದಾರೆ. ಎಷ್ಟೋ ಅಜ್ಜಿಯರು ಮೊದಲ ಬಾರಿಗೆ ಸಮುದ್ರ ಕಂಡದ್ದು ಹಾಗೆ. ಅದು ಸಂತೋಷದ ಸಂಗತಿ. ರಜಾದಿನದ ಬಸ್ಸಿನಲ್ಲಿ ನಿಂತೇ ಘಟ್ಟವಿಳಿಯುವ ಬದಲು ಆ ತಾಯಂದಿರು ಬುಧವಾರ ಹೊರಟರೆ ಕಿಟಕಿಯ ಬದಿಯ ಆಸನವೇ ದೊರೆತೀತು. ಬೆಂಗಳೂರಿನವರಿಗೆ ೨೦೨೦ರಲ್ಲಿ ಆರಂಭವಾದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಕಾರವಾರ ಮುಟ್ಟಿಸುತ್ತದೆ.

ದಿನದಲ್ಲಿ ಹೊತ್ತಿನ ಆಯ್ಕೆ ಇನ್ನೂ ಮುಖ್ಯ. ಪಡುವಣ ಕಡಲಾದುದರಿಂದ ಸೂರ್ಯಾಸ್ತವನ್ನು ನೋಡಲು ಸಂಜೆ ಐದರಿಂದ ಏಳರವರೆಗೆ ಎಲ್ಲರೂ ಅಲ್ಲಿ ನೆರೆಯುತ್ತಾರೆ. ಬೆಳಗಿನ ಆರೂವರೆಯಿಂದ ಒಂಬತ್ತರವರೆಗೆ ಅದೇ ಮರಳು ಖಾಲಿ. ಮುಂಜಾನೆ ಎದ್ದು ಸ್ನಾನ, ಲಿಂಗಪೂಜೆ ಮುಗಿಸುವ ಅಭ್ಯಾಸವಿರುವ ಮನೆಗಳಿಗೆ ಇದು ಕಷ್ಟವೇನಲ್ಲ. ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ನಾವು ಅಲ್ಲಿ ನಡೆದಾಡಿದಾಗ ಬಲೆ ಎಳೆಯುವ ಮೀನುಗಾರರು, ಇಬ್ಬರು ವೃದ್ಧ ದಂಪತಿಗಳು ಮತ್ತು ಏಡಿಗಳು, ಇಷ್ಟೇ ಇದ್ದುದು. ಈ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ೧೮೮೩ರ ಸುಮಾರಿಗೆ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ ಬಂದ ತರುಣ ಕವಿ, ಬೆಳುದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಇಳಿತದ ನೀರಿನೊಡನೆ ಮರಳಿ, ನಿಶ್ಶಬ್ದವಾದ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ದಾಖಲಿಸಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ರಚನೆಯಾದುದು ಈ ಊರಿನಲ್ಲಿಯೇ. ಭಾನುವಾರದ ಸಂಜೆ ಬಂದಿದ್ದರೆ ಅವರೇನು ಬರೆಯುತ್ತಿದ್ದರೋ!

ದೋಣಿಯ ವಿಹಾರವನ್ನೂ ಪೂರ್ವಾಹ್ನಕ್ಕೇ ಇಟ್ಟುಕೊಳ್ಳಬೇಕು. ಬಿಸಿಲೇರಿದಂತೆ ನೆಲ ಕಾದು, ಮಧ್ಯಾಹ್ನದ ಬಳಿಕ ಕಡಲಗಾಳಿ ಬಲವಾಗುತ್ತದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ನೀರು ಹೊರಕ್ಕೆ ನುಗ್ಗುವಾಗ ಗಾಳಿಯ ಅಲೆ ಒಳಕ್ಕೆ ಬಂದರೆ ನೀರು ಎದ್ದು ನಿಲ್ಲುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರವೂ ಇಳಿತವೂ ಹೆಚ್ಚು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ೫೦ ನಿಮಿಷದಂತೆ ಮುಂದೆ ಸರಿಯುವುದರಿಂದ ನಿನ್ನೆಯ ಹೊತ್ತು ಇಂದಿಗೆ ಸಲ್ಲದು; ದಡದ ಮೀನುಗಾರರನ್ನು ಅಂದಂದೇ ಕೇಳಬೇಕು. ತೇಲುವ ಅಂಗಿ ಎಲ್ಲರಿಗೂ ಇಲ್ಲದ ದೋಣಿಯನ್ನು, ಹೆಚ್ಚು ಜನ ಏರಿದ ದೋಣಿಯನ್ನು, ಹಣ ಕೊಟ್ಟಾಗಿದ್ದರೂ ಬಿಟ್ಟು ಇಳಿಯಬೇಕು. ಮನೆಯ ಯಜಮಾನ ಸಂಕೋಚಪಟ್ಟರೆ ಯಜಮಾನತಿಯಾದರೂ ಹೇಳಲಿ.

ತೀರದಲ್ಲಿರುವ ಚಪಲ್ ಯುದ್ಧನೌಕೆಯ ಸಂಗ್ರಹಾಲಯ ೨೦೦೬ರಲ್ಲಿ ತೆರೆಯಿತು. ಇಕ್ಕಟ್ಟಾದ ಏಣಿಗಳಿರುವ ಕ್ಷಿಪಣಿ ನೌಕೆಯದು. ಜನ ತುಂಬಿದಾಗ ಹಿರಿಯರಿಗೆ ಹತ್ತಿಳಿಯುವುದು ಕಷ್ಟ. ಅದಕ್ಕೆ ಸೂರ್ಯಾಸ್ತದ ಗುಂಪು ಸೇರುವ ಮೊದಲೇ ಹೋಗಬೇಕು. ಮಾಜಾಳಿಯ ಬಳಿಯ ತಿಳಮಾತಿ ತೀರದ ಎಳ್ಳಿನಂತಹ ಕಪ್ಪು ಮರಳು ನೋಡಲು ಬೆಳಗೇ ಸರಿ. ಭಾನುವಾರ ಕಾರವಾರದ ಸಂತೆ. ಪೇಟೆಯಲ್ಲಿ ಗಾಡಿ ನಿಲ್ಲಿಸಲು ಸ್ಥಳ ಹುಡುಕುವುದೇ ಒಂದು ಕೆಲಸ.

ಊಟದ ಮಾತೂ ಸಂದಣಿಗೆ ಸಂಬಂಧಿಸಿದ್ದೇ. ಕರಾವಳಿಯಲ್ಲಿ ಶುದ್ಧ ಶಾಕಾಹಾರದ ಖಾನಾವಳಿಗಳು ಇವೆ, ಆದರೆ ಬಹಳವಿಲ್ಲ. ರಜಾದಿನದಂದು ಅವುಗಳ ಬಾಗಿಲಲ್ಲಿ ಒಂದೊಂದು ತಾಸು ಕಾಯಬೇಕಾಗುತ್ತದೆ, ಹಸಿದ ಮಕ್ಕಳು ಅಳುತ್ತವೆ. ನಮ್ಮ ತಾಯಂದಿರು ಕಟ್ಟುತ್ತಿದ್ದ ಬುತ್ತಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಎರಡು ದಿನ ಕೆಡದೆ ಬರುತ್ತದೆ. ಹೊತ್ತು ತಪ್ಪಿಸಿ ಹನ್ನೊಂದೂವರೆಗೇ ಉಣ್ಣುವುದು ಇನ್ನೊಂದು ದಾರಿ.

ಮರಳುವ ದಿನ ಸೂರ್ಯಾಸ್ತ ನೋಡಿಯೇ ಹೊರಡುವೆವೆಂದು ಮಕ್ಕಳು ಹಟ ಹಿಡಿಯುತ್ತಾರೆ. ಒಪ್ಪಬಾರದು. ಸೂರ್ಯಾಸ್ತವನ್ನು ಹಿಂದಿನ ದಿನವೇ ತೋರಿಸಿರಬೇಕು. ಅಂಕೋಲೆಯನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಬಿಟ್ಟರೆ ಅರಬೈಲು ಘಟ್ಟದ ತಿರುವುಗಳನ್ನು ಹಗಲಿನಲ್ಲಿಯೇ ಏರಿ, ಕತ್ತಲಾಗುವುದರೊಳಗೆ ಹುಬ್ಬಳ್ಳಿ ಸೇರಬಹುದು.