ಹಡಗು ಹತ್ತಿ ಬರುವ ಲಿವರ್ ಹುಳು

ದುಬೈನ ಅಲ್ ಕುಸೈಸ್ ಕಸಾಯಿಖಾನೆಯಿರಲಿ, ಅಬುಧಾಬಿಯ ಬನಿಯಾಸ್ ಇರಲಿ, ದನ ಕೊಯ್ದ ಮೇಲೆ ಪಶುವೈದ್ಯರು ತಪ್ಪದೆ ಪರೀಕ್ಷಿಸುವ ಅಂಗಗಳಲ್ಲಿ ಲಿವರ್ ಒಂದು. ರೋಗ ತಗುಲಿದ ಲಿವರ್ ಆದರೆ ಪಿತ್ತನಾಳ ದಪ್ಪಗಾಗಿರುತ್ತದೆ. ಸೀಳಿ ಒತ್ತಿದರೆ ಕಂದು ಬಣ್ಣದ, ಎಲೆಯಂತೆ ಚಪ್ಪಟೆಯಾದ ಹುಳುಗಳು ಜಾರಿ ಹೊರಬರುತ್ತವೆ. ಅಂಥ ಲಿವರ್ ಮಾರಾಟಕ್ಕೆ ಹೋಗುವುದಿಲ್ಲ.

ಮಲೆನಾಡಿನ ಗದ್ದೆಬಯಲಲ್ಲಿ ದನ ಸಾಕಿದವರಿಗೆ ಈ ಹುಳು ಹೊಸದಲ್ಲ. ದನ ಬಡವಾಗುತ್ತದೆ, ಹಾಲು ಇಳಿಯುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋಲುತ್ತದೆ. ಆದರೆ ಮರಳುಗಾಡಿನಲ್ಲಿ ಇದಕ್ಕೇನು ಕೆಲಸ? ಸಗಣಿಯೊಡನೆ ಬಿದ್ದ ಮೊಟ್ಟೆ ಒಡೆಯಲು ನೀರು ಬೇಕು. ಮೊಟ್ಟೆಯಿಂದ ಈಜಿ ಹೊರಟ ಮರಿಗೆ ಕೆಲವೇ ಗಂಟೆಗಳೊಳಗೆ ಲಿಮ್ನಿಯಾ ಕುಟುಂಬದ ಸಿಹಿನೀರಿನ ಬಸವನಹುಳು ಸಿಗಬೇಕು. ಅದರೊಳಗೆ ವಾರಗಟ್ಟಲೆ ಬೆಳೆದು ಹೊರಬಂದ ಮರಿಗಳು ನೀರಂಚಿನ ಹುಲ್ಲಿಗೆ ಅಂಟಿ, ಸುತ್ತ ಕೋಶ ಕಟ್ಟಿಕೊಂಡು, ದನದ ಬಾಯಿಗಾಗಿ ಕಾಯುತ್ತವೆ. ಯುಎಇಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಸುರಿದುಬಿಡುತ್ತದೆ. ಅಲ್ ಐನ್‌ನ ಓಯಸಿಸ್‌ನಲ್ಲಿ ಫಲಜ್ ಕಾಲುವೆಗಳಿವೆ, ನಿಜ. ಆದರೆ ಈ ಪ್ರದೇಶದ ಹರಿವ ನೀರಲ್ಲಿ ಸಾಮಾನ್ಯವಾಗಿ ಕಾಣುವ ಮೆಲನಾಯ್ಡಿಸ್ ಬಸವನಹುಳು ಲಿವರ್ ಹುಳುವಿಗೆ ಆಶ್ರಯ ಕೊಡುವ ಜಾತಿಯಲ್ಲ. ಇಲ್ಲಿನ ಡೇರಿಗಳ ಹೋಲ್‌ಸ್ಟೀನ್ ಹಸುಗಳು ಮೇಯುವುದು ಕೆರೆಯಂಗಳದಲ್ಲಲ್ಲ. ನೆರಳಿನ ಕೊಟ್ಟಿಗೆಯಲ್ಲಿ ನಿಂತು ಒಣಮೇವು ತಿನ್ನುತ್ತವೆ.

ಹಾಗಾಗಿ ಇಲ್ಲಿನ ಲಿವರ್‌ನಲ್ಲಿ ಸಿಗುವ ಹುಳು ಬಹುಮಟ್ಟಿಗೆ ಪರದೇಶದ್ದು. ಸೊಮಾಲಿಯಾದ ಬರ್ಬೆರಾ ಬಂದರಿನಿಂದ, ಪಾಕಿಸ್ತಾನದಿಂದ, ಭಾರತದಿಂದ, ಆಸ್ಟ್ರೇಲಿಯಾದಿಂದ ಜೀವಂತ ಜಾನುವಾರು ಬರುತ್ತವೆ. ಅವುಗಳಲ್ಲಿ ಕೆಲವುಗಳ ಹೊಟ್ಟೆಯಲ್ಲಿ ಟಿಕೆಟ್ಟಿಲ್ಲದ ಈ ಪ್ರಯಾಣಿಕ.

ಯಾವ ಊರಿನದು ಎಂದು ಕಣ್ಣಿಂದ ಹೇಳಲಾಗದು. ಜಾನುವಾರುಗಳನ್ನು ಕಾಡುವ ಮುಖ್ಯ ಜಾತಿಗಳು ಎರಡು. ಫ್ಯಾಸಿಯೋಲಾ ಹೆಪಾಟಿಕಾ ತಂಪು ಸೀಮೆಯದು, ಸುಮಾರು ಮೂರು ಸೆಂಟಿಮೀಟರ್ ಉದ್ದ. ಫ್ಯಾಸಿಯೋಲಾ ಜೈಗಾಂಟಿಕಾ ಬಿಸಿಲು ಸೀಮೆಯದು, ಏಳು ಸೆಂಟಿಮೀಟರ್ ದಾಟುವುದೂ ಉಂಟು. ನಮ್ಮ ಕರ್ನಾಟಕದ ಎಮ್ಮೆ ದನಗಳಲ್ಲಿರುವುದು ಇದೇ. ಇಥಿಯೋಪಿಯಾದಲ್ಲಿ ಎತ್ತರದ ಪ್ರಸ್ಥಭೂಮಿಯಲ್ಲಿ ಮೊದಲನೆಯದು, ತಗ್ಗಿನಲ್ಲಿ ಎರಡನೆಯದು, ನಡುವಿನ ಪಟ್ಟಿಯಲ್ಲಿ ಎರಡೂ. ಇಂಥ ನಡುಪಟ್ಟಿಗಳಲ್ಲೇ ತೊಡಕು ಶುರು. ಕೊಲ್ಲಿಯ ಆಚೆ ದಡದ ಇರಾನಿನಲ್ಲೂ ಪಾಕಿಸ್ತಾನ, ಈಜಿಪ್ಟ್‌ಗಳಲ್ಲೂ ಎರಡು ಜಾತಿಗಳು ಒಟ್ಟಿಗಿವೆ. ಅಲ್ಲಿ ಅತ್ತ ಅದೂ ಅಲ್ಲದ ಇತ್ತ ಇದೂ ಅಲ್ಲದ ಗಾತ್ರದ ಹುಳುಗಳು ಸಿಗುತ್ತವೆ. ಅಳತೆಪಟ್ಟಿ ಹಿಡಿದು ಕೂತರೆ ಜಗಳ ಬಗೆಹರಿಯುವುದಿಲ್ಲ.

ಆಗ ಡಿಎನ್‌ಎ ಓದಬೇಕು. ಐಟಿಎಸ್-1 ಎಂಬ ಒಂದು ತುಣುಕಿನಲ್ಲಿ ಈ ಎರಡು ಜಾತಿಗಳಿಗಿರುವ ವ್ಯತ್ಯಾಸ ಐದೇ ಅಕ್ಷರಗಳದು. ಆ ಐದೂ ಕಡೆ ಎರಡೆರಡು ಅಕ್ಷರ ಒಟ್ಟಿಗೆ ಕಂಡರೆ ಹುಳು ಮಿಶ್ರತಳಿ ಎಂದರ್ಥ. ತಾಯಿಯಿಂದ ಮಾತ್ರ ಇಳಿದು ಬರುವ ಮೈಟೊಕಾಂಡ್ರಿಯಾದ ಜೀನ್‌ಗಳು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತವೆ. ಎನ್‌ಡಿ-1 ಎಂಬ ಜೀನನ್ನು ಹೋಲಿಸಿದಾಗ ಆಫ್ರಿಕಾದ ಜೈಗಾಂಟಿಕಾ ಬೇರೆ ಗುಂಪಾಗಿ, ಏಷ್ಯಾದ್ದು ಬೇರೆ ಗುಂಪಾಗಿ ನಿಲ್ಲುತ್ತವೆ. ಜಪಾನ್, ಕೊರಿಯಾ, ಮ್ಯಾನ್ಮಾರ್, ಬಾಂಗ್ಲಾದೇಶಗಳಲ್ಲಿ ವೀರ್ಯಾಣುವೇ ಇಲ್ಲದ ಮಿಶ್ರತಳಿಗಳಿವೆ. ಮಾಮೂಲಿ ಹುಳುವಿನ ಜೀವಕೋಶದಲ್ಲಿ 20 ಕ್ರೋಮೋಸೋಮ್ ಇದ್ದರೆ, ಇವುಗಳಲ್ಲಿ ಎಷ್ಟೋ ಹುಳುಗಳಿಗೆ 30. ವೀರ್ಯದ ಹಂಗಿಲ್ಲದೆ ಮೊಟ್ಟೆಯಿಟ್ಟು ಸಾಗುವ ಇವುಗಳ ಮೈಟೊಕಾಂಡ್ರಿಯಾದಲ್ಲಿ ವೈವಿಧ್ಯ ಬಹಳ ಕಡಿಮೆ. ಕೆಲವೇ ಮೂಲಗಳಿಂದ ಹೊರಟು ದನಗಳ ಜೊತೆ ಹಬ್ಬಿರಬೇಕೆಂದು ಸಂಶೋಧಕರು ಊಹಿಸುವುದು ಅದರಿಂದಲೇ.

ಮಾಮೂಲಿ ಹುಳುವಿನ ಕತೆ ಬೇರೆ. ಅದು ದ್ವಿಲಿಂಗಿ: ಜೊತೆ ಸಿಕ್ಕರೆ ಕೂಡುತ್ತದೆ, ಸಿಗದಿದ್ದರೆ ಸ್ವಂತ ವೀರ್ಯದಿಂದಲೇ ಸಂಸಾರ ಸಾಗಿಸಬಲ್ಲದು. ಬಸವನಹುಳುವಿನೊಳಗೆ ಹೊಕ್ಕ ಒಂದೇ ಮರಿ ತನ್ನದೇ ನಕಲುಗಳನ್ನು ನೂರಾರು ಹುಟ್ಟಿಸುತ್ತದೆ. ಇಷ್ಟು ಕೇಳಿದರೆ ಒಂದು ದನದೊಳಗೆ ಒಂದೇ ಅಚ್ಚಿನ ಹುಳುಗಳಿರಬೇಕು ಅನ್ನಿಸುತ್ತದೆ. ಬ್ರಿಟನ್ನಿನ ದನ ಕುರಿಗಳ ಹೆಪಾಟಿಕಾವನ್ನು ಪರೀಕ್ಷಿಸಿದ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಕಲುಗಳು ಇದ್ದವು, ಆದರೆ ಒಟ್ಟಾರೆ ವೈವಿಧ್ಯ ಭಾರಿಯಾಗಿತ್ತು. ಊರಿಂದೂರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ. ಸಂತೆಯಿಂದ ಸಂತೆಗೆ ಲಾರಿ ಹತ್ತುವ ಜಾನುವಾರು ಹುಳುಗಳನ್ನು ಕಲಸಿಬಿಟ್ಟಿವೆ.

ಈ ವೈವಿಧ್ಯದಿಂದ ರೈತನಿಗೇನು ಎಂದು ಕೇಳಬಹುದು. ಎಳೆಯ ಹುಳುವನ್ನೂ ಕೊಲ್ಲುವ ಟ್ರೈಕ್ಲಾಬೆಂಡಜೋಲ್ ಎಂಬ ಔಷಧ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅದಕ್ಕೆ ಬಗ್ಗದ ಹುಳು 1990ರ ದಶಕದ ನಡುವಿನಲ್ಲೇ ಆಸ್ಟ್ರೇಲಿಯಾದಲ್ಲಿ ಕಾಣಿಸಿತು, ಆಮೇಲೆ ಯೂರೋಪಿನಲ್ಲಿ, ದಕ್ಷಿಣ ಅಮೆರಿಕದಲ್ಲಿ. ಬ್ರಿಟನ್ನಿನ ಹುಳುಗಳಲ್ಲಿ ಈ ಗುಣ ಜೀನೋಮಿನ ಒಂದೇ ಭಾಗಕ್ಕೆ ಅಂಟಿಕೊಂಡಿದೆ ಎಂದು 2023ರಲ್ಲಿ ಗೊತ್ತಾಯಿತು. ಅದು ಪ್ರಬಲ ಗುಣವಾದ್ದರಿಂದ ಹೆತ್ತವರಲ್ಲಿ ಒಬ್ಬರಿಂದ ಬಂದರೂ ಸಾಕು. ವೈವಿಧ್ಯ ಹೆಚ್ಚಿದ್ದಷ್ಟೂ ಇಂಥ ಜೀನ್ ಎಲ್ಲೋ ಮೂಲೆಯಲ್ಲಿ ಮೊದಲೇ ಅಡಗಿರುವ ಸಂಭವ ಹೆಚ್ಚು. ನಮ್ಮಲ್ಲಿ ಹೆಚ್ಚು ಬಳಕೆಯ ಆಕ್ಸಿಕ್ಲೋಜನೈಡ್ ಬೆಳೆದ ಹುಳುವನ್ನಷ್ಟೇ ಕೊಲ್ಲುತ್ತದೆ, ಆದ್ದರಿಂದ ಟ್ರೈಕ್ಲಾಬೆಂಡಜೋಲ್ ಕೈಕೊಟ್ಟರೆ ನಷ್ಟ ದೊಡ್ಡದು.

ತಡೆಯಲಾಗದ ಪಿಡುಗೇನಲ್ಲ ಇದು. ಆಸ್ಟ್ರೇಲಿಯಾಕ್ಕೆ ಈ ಹುಳು ಹೋದದ್ದು ಯೂರೋಪಿನ ವಲಸಿಗರ ದನ ಕುರಿಗಳೊಂದಿಗೆ. ಅಲ್ಲಿನ ನಾಡ ಬಸವನಹುಳುವಿನಲ್ಲೇ ಹೊಸ ಮನೆ ಮಾಡಿಕೊಂಡು ಆಗ್ನೇಯ ರಾಜ್ಯಗಳನ್ನು ಆವರಿಸಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾತ್ರ ಇವತ್ತಿಗೂ ನೆಲೆಯೂರಿಲ್ಲ, ಏಕೆಂದರೆ ಪೂರ್ವದ ರಾಜ್ಯಗಳಿಂದ ಬರುವ ಜಾನುವಾರಿಗೆ ಅಲ್ಲಿ ತಪಾಸಣೆಯ ಕಟ್ಟುಪಾಡಿದೆ. ಕೊಲ್ಲಿಗೆ ದಶಕಗಳ ಕಾಲ ಕುರಿ ತುಂಬಿದ ಹಡಗುಗಳು ಹೊರಟದ್ದು ಅದೇ ರಾಜ್ಯದ ಫ್ರೀಮ್ಯಾಂಟಲ್‌ನಿಂದ, ಹಾಗಾಗಿ ಆ ಕುರಿಗಳಲ್ಲಿ ಈ ಹುಳು ಇರುವ ಸಂಭವ ಕಡಿಮೆ.

ದುಬೈನ ಕನ್ನಡಿಗರ ಮನೆಗಳಲ್ಲಿ ಏಳುವ ಪ್ರಶ್ನೆ ಇನ್ನೊಂದು: ಲಿವರ್ ಫ್ರೈ ತಿಂದರೆ ಬರುತ್ತದೆಯೇ? ಬೇಯಿಸಿದ ಲಿವರ್‌ನಿಂದ ಈ ಹುಳು ಅಂಟುವುದಿಲ್ಲ. ಮನುಷ್ಯರಿಗೆ ಬರುವುದು ಕೋಶ ಕಟ್ಟಿದ ಮರಿ ಅಂಟಿರುವ ಹಸಿ ಸೊಪ್ಪಿನಿಂದ, ಇಲ್ಲವೇ ಕುದಿಸದ ನೀರಿನಿಂದ. ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ 1989ರಲ್ಲಿ ಸಾವಿರಾರು ಜನ ಕಾಯಿಲೆ ಬಿದ್ದರು. ಆ ಸೀಮೆಯಲ್ಲಿ ನೀರಂಚಿನ ಸೊಪ್ಪುಗಳನ್ನು ಹಸಿಯಾಗಿ ತಿನ್ನುವ ರೂಢಿಯಿದೆ.

ಕಸಾಯಿಖಾನೆಯಲ್ಲಿ ಬಿಸಾಡುವ ಲಿವರ್ ಬಗ್ಗೆ ನನ್ನದೊಂದು ಹಟವಿದೆ. ಬೇರೆ ಬೇರೆ ಖಂಡಗಳ ಹುಳುಗಳು ಒಂದೇ ಮೇಜಿನ ಮೇಲೆ ಸಿಗುವ ತಾಣ ಜಗತ್ತಿನಲ್ಲಿ ಹೆಚ್ಚಿಲ್ಲ. ಸಂಶೋಧಕರು ಇಥಿಯೋಪಿಯಾ, ಸಿಂಧ್, ಗುಜರಾತ್ ಎಂದು ಅಲೆಯುವ ಮೊದಲು ಈ ಮೇಜಿನ ಬಳಿ ನಿಂತರೆ ಅರ್ಧ ಕೆಲಸ ಮುಗಿದೀತು. ಬೇಕಾದದ್ದು ಪ್ರತಿ ಹುಳುವಿಗೆ ಒಂದು ಪುಟ್ಟ ಸೀಸೆ, ಅದರಲ್ಲಿ ಗಟ್ಟಿ ಆಲ್ಕೋಹಾಲ್, ಮೇಲೆ ಪ್ರಾಣಿಯ ಕಿವಿಯೋಲೆಯ ಸಂಖ್ಯೆ, ಅದು ಹಡಗು ಹತ್ತಿದ ಬಂದರಿನ ಹೆಸರು.