ತೂಕಕ್ಕೂ ಮೊದಲೇ ಇಳಿದ ಸಕ್ಕರೆ!

ತೂಕ ಇಳಿಸುವ ಆಪರೇಷನ್ ಆಗಿ ಇನ್ನೂ ಒಂದು ವಾರ ತುಂಬಿಲ್ಲ. ಹೊಟ್ಟೆಯ ಮೇಲಿನ ನಾಲ್ಕೈದು ಪುಟ್ಟ ಗಾಯಗಳು ಮಾಯುತ್ತಿವೆಯಷ್ಟೆ. ತೂಕ ಇಳಿದಿರುವುದೂ ಅಷ್ಟಕ್ಕಷ್ಟೆ. ಆದರೆ ವರ್ಷಗಟ್ಟಲೆ ಮಾತ್ರೆಗೂ ಬಗ್ಗದೆ ಇನ್ಸುಲಿನ್ನಿಗೂ ಜಗ್ಗದೆ ಕೂತಿದ್ದ ಶುಗರ್, ನೋಡಿ, ಎಷ್ಟೋ ಮಂದಿಯಲ್ಲಿ ಆಗಲೇ ಸರಸರ ಇಳಿಯತೊಡಗಿರುತ್ತದೆ! ಡಾಕ್ಟರು ಚೀಟಿಯಲ್ಲಿ ಒಂದೊಂದೇ ಮಾತ್ರೆಗೆ ಗೀಟು ಎಳೆಯುತ್ತಾರೆ. ಕೊಬ್ಬು ಇದ್ದಲ್ಲೇ ಇದೆ, ಕಾಯಿಲೆ ಮಾತ್ರ ಗಂಟುಮೂಟೆ ಕಟ್ಟುತ್ತಿದೆ. ಇದು ಹೇಗೆ?

ಹೀಗೆ ಬೆಕ್ಕಸಬೆರಗಾದವರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಸರ್ಜನ್ ವಾಲ್ಟರ್ ಪೋರೀಸ್ ಒಬ್ಬರು. ಜಠರವನ್ನು ಚಿಕ್ಕದು ಮಾಡಿ ಅನ್ನಕ್ಕೆ ಅಡ್ಡದಾರಿ ತೋರುವ ಈ ಆಪರೇಷನ್, ಅಂದರೆ ಗ್ಯಾಸ್ಟ್ರಿಕ್ ಬೈಪಾಸ್, ಶುರುವಾದದ್ದು 1966ರಲ್ಲಿ, ಅಯೋವಾದ ಎಡ್ವರ್ಡ್ ಮೇಸನ್ ಕೈಯಲ್ಲಿ. ಉದ್ದೇಶ ತೂಕ ಇಳಿಸುವುದು, ಅಷ್ಟೇ. ಪೋರೀಸ್ ತಂಡ 1995ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಬೈಪಾಸ್ ಆದ ಮಧುಮೇಹಿಗಳ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಯ ಶುಗರ್ ಸಹಜಕ್ಕೆ ಬಂದಿತ್ತು. ಗಂಭೀರ ವೈದ್ಯಕೀಯ ಪತ್ರಿಕೆಯ ಆ ಪ್ರಬಂಧದ ತಲೆಬರಹ ಶುರುವಾಗುವುದೇ ‘ಯಾರು ತಾನೇ ಎಣಿಸಿದ್ದರು!’ ಎಂಬರ್ಥದ ಉದ್ಗಾರದಿಂದ. ವಿಜ್ಞಾನಿಗಳೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಎಂಬುದೇ ನನಗೆ ಖುಷಿ.

ಮೊದಲ ದಿನಗಳಲ್ಲಿ ಊಟವೇ ಇಲ್ಲದಿರುವುದು ಒಂದು ಕಾರಣ, ನಿಜ. ಆದರೆ ಇನ್ನೊಂದಿದೆ. ಬೈಪಾಸ್ ಆದಮೇಲೆ ಅನ್ನ ಅಡ್ಡದಾರಿ ಹಿಡಿದು ಬೇಗನೆ ಸಣ್ಣಕರುಳಿನ ಕೆಳಭಾಗಕ್ಕೆ ಇಳಿಯುತ್ತದೆ. ಅಲ್ಲಿನ ಜೀವಕೋಶಗಳು ಥಟ್ಟನೆ ಎಚ್ಚೆತ್ತು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸುರಿಸುತ್ತವೆ. ಅದು ಮೇದೋಜೀರಕ ಗ್ರಂಥಿಗೆ ‘ಇನ್ಸುಲಿನ್ ಹೊರಬಿಡು’ ಎನ್ನುತ್ತದೆ, ಮಿದುಳಿಗೆ ‘ಸಾಕು’ ಎನ್ನುತ್ತದೆ. ಈಗ ಊರೆಲ್ಲ ಮಾತಾಡುತ್ತಿರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಅನುಕರಿಸುವುದು ಇದೇ ಹಾರ್ಮೋನನ್ನು!

ಅಂದರೆ, ಹೊಟ್ಟೆಯನ್ನು ಚಿಕ್ಕದು ಮಾಡಿದರು, ಅದಕ್ಕೇ ಸಣ್ಣಗಾದರು ಎಂಬ ನಮ್ಮೆಲ್ಲರ ಕಲ್ಪನೆ ಅರ್ಧ ಸತ್ಯ. ಕತ್ತರಿ ಆಡಿದ್ದು ಬರೀ ಚೀಲದ ಮೇಲಲ್ಲ, ಹೊಟ್ಟೆಗೂ ತಲೆಗೂ ನಡೆಯುತ್ತಿದ್ದ ಮಾತುಕತೆಯ ಮೇಲೆ.

ಹಸಿವಿನದೇ ತಗೊಳ್ಳಿ. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಇಲಿಯ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನ್ ಪತ್ತೆ ಮಾಡಿದರು. ಹಸಿವೆಬ್ಬಿಸುವ ಹಾರ್ಮೋನ್! 2002ರಲ್ಲಿ ಅಮೆರಿಕದ ಡೇವಿಡ್ ಕಮಿಂಗ್ಸ್ ತಂಡ ಅಳೆದು ನೋಡಿದಾಗ, ಡಯಟ್ ಮಾಡಿ ಇಳಿದವರಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿತ್ತು. ಅವರು ಇಳಿದಷ್ಟೂ ದೇಹ ‘ತಿನ್ನು ತಿನ್ನು’ ಎಂದು ಕೂಗುತ್ತಿತ್ತು. ಬೈಪಾಸ್ ಆದವರಲ್ಲಿ ಅದು ತೀರಾ ಕಡಿಮೆ. (ಬೈಪಾಸ್ ವಿಷಯದಲ್ಲಿ ಆಮೇಲಿನ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ.) ಸ್ಲೀವ್ ಆಪರೇಷನ್ನಿನಲ್ಲಂತೂ ಜಠರದ ಮುಕ್ಕಾಲು ಪಾಲು, ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಸೇರಿ, ಹೊರಗೆ ಬರುತ್ತದೆ, ಒಳಗೆ ಉಳಿಯುವುದು ಬಾಳೆಹಣ್ಣಿನಾಕಾರದ ಒಂದು ಕೊಳವೆ. ಎಷ್ಟೋ ಮಂದಿಗೆ ಹಸಿವಿನ ದನಿಯೇ ಕುಗ್ಗುತ್ತದೆ! ‘ಬಾಯಿ ಕಟ್ಟಿದ್ದರೆ ಆಗುತ್ತಿತ್ತು’ ಎಂದು ದಪ್ಪ ಇದ್ದವರಿಗೆ ಜೀವಮಾನವಿಡೀ ಬುದ್ಧಿ ಹೇಳಿದವರೆಲ್ಲ ಡಯಟ್ ಮಾಡಿದವರ ಆ ಗ್ರೆಲಿನ್ ಅಳತೆಯನ್ನು ನೋಡಬೇಕು.

ಇನ್ನು ಅಡುಗೆಮನೆಗೆ ಬನ್ನಿ. ಆಪರೇಷನ್ ಆದಮೇಲೆ ಮೊದಲು ತಿಳಿಸಾರು, ನೀರುಮಜ್ಜಿಗೆ, ಗುಟುಕು ಗುಟುಕಾಗಿ. ಆಮೇಲೆ ಬೇಳೆಕಟ್ಟು, ನುಣ್ಣಗೆ ಮಸೆದದ್ದು, ಮೆತ್ತಗಿನದು, ಹೀಗೆ ವಾರವಾರಕ್ಕೆ ಬಡ್ತಿ. ಹೊಸ ಜಠರದ ಕಾನೂನುಗಳಂತೂ ನಮ್ಮ ಎಲೆಯ ಕಾನೂನುಗಳಿಗೆ ಪೂರಾ ತಿರುವುಮುರುವು! ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನಾವೋ, ಎಲೆ ಹಾಕುವುದಕ್ಕೆ ಮೊದಲೇ ನೀರಿನ ಲೋಟ ಇಡುವವರು. ಅನ್ನಕ್ಕಿಂತ ಮುಂಚೆ ಪ್ರೋಟೀನು, ದಿನಕ್ಕೆ ಕನಿಷ್ಠ 60 ಗ್ರಾಂ: ಮೊಟ್ಟೆ, ಮೀನು, ಪನೀರು, ಕಾಳು. ಪ್ರತಿ ತುತ್ತನ್ನೂ ಹಿಟ್ಟಾಗುವ ತನಕ ಜಗಿಯಬೇಕು. ಹಾಗಾದರೆ ಮುದ್ದೆ? ಜಗಿದರೆ ಮುದ್ದೆಗೇ ಅವಮಾನ, ನುಂಗಬೇಕು ಎಂದು ಬೆಳೆದ ಮಂಡ್ಯದ ಗಂಟಲಿಗೆ ಇದೆಂಥ ಧರ್ಮಸಂಕಟ!

ಹೊಟ್ಟೆ ತುಂಬಿತು ಎಂಬ ಸುದ್ದಿ ಬರುವ ದಾರಿಯೂ ವಿಚಿತ್ರ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಮೂಗು ಸೋರುತ್ತದೆ. ಬೈಪಾಸ್ ಆದವರು ಹಬ್ಬದ ಹೋಳಿಗೆಗೆ ಸೋತರೆ ಸಕ್ಕರೆ ಒಮ್ಮೆಲೇ ಕರುಳಿಗೆ ನುಗ್ಗಿ, ನೀರನ್ನು ಅತ್ತ ಸೆಳೆದು, ಎದೆ ಡವಗುಟ್ಟಿ ಬೆವರಿಳಿಯಬಹುದು. ‘ಇನ್ನೊಂಚೂರು ಹಾಕಿಸ್ಕೊಳ್ಳೋ, ಹೀಗೆ ಸೊರಗಿಹೋಗಿದ್ದೀಯಲ್ಲಾ’ ಎನ್ನುವ ಸೋದರತ್ತೆಗೆ ಇದನ್ನು ವಿವರಿಸುವುದು ಮಾತ್ರ ಯಾವ ಸರ್ಜನ್ನಿಗೂ ಸಾಧ್ಯವಿಲ್ಲ.

ಮೂರು ವಾರದ ಸುಮಾರಿಗೆ ತೂಕದ ಮುಳ್ಳು ಎಷ್ಟೋ ಸಲ ಗಕ್ಕನೆ ನಿಂತುಬಿಡುತ್ತದೆ. ಗಾಬರಿ! ಆಮೇಲೆ ತಾನಾಗಿಯೇ ಮತ್ತೆ ಹೊರಡುತ್ತದೆ. ಮೂರನೇ ತಿಂಗಳ ಸುಮಾರಿಗೆ ಎಷ್ಟೋ ಮಂದಿಗೆ ಬಾಚಣಿಗೆಯ ತುಂಬ ಕೂದಲು. ದೇಹ ಕಂಡ ದೊಡ್ಡ ಆಘಾತಕ್ಕೆ ಕೂದಲ ಬುಡಗಳು ವಿಶ್ರಾಂತಿಗೆ ಹೋಗಿರುತ್ತವೆ, ಸಾಮಾನ್ಯವಾಗಿ ಮತ್ತೆ ಚಿಗುರುತ್ತವೆ.

ಅದಿರಲಿ, ಕರಗಿದ ಕೊಬ್ಬು ಹೋಯಿತೆಲ್ಲಿಗೆ? ಬೆವರಾಗಿ ಎನ್ನುತ್ತೀರಾ? ‘ಶಾಖವಾಗಿ’ ಎನ್ನುತ್ತೀರಾ? ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಅಣು ಅಣುವಾಗಿ ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಉಸಿರು! ಬಿಎಂಟಿಸಿ ಬಸ್ಸಿನಲ್ಲಿ ಕೂತು, ಲಾಲ್‌ಬಾಗಿನಲ್ಲಿ ನಡೆದು, ರಾತ್ರಿ ನಿದ್ದೆಯಲ್ಲಿಯೂ, ಮನುಷ್ಯ ತನ್ನನ್ನೇ ಕಿಲೋಗಟ್ಟಲೆ ಗಾಳಿಗೆ ಬಿಡುತ್ತಿರುತ್ತಾನೆ.

ಆದರೆ ಇಷ್ಟೆಲ್ಲದರ ನಡುವೆ ದೇಹದ ಉಗ್ರಾಣದ ಕಡೆಗೂ ಒಂದು ಕಣ್ಣು ಬೇಕು, ಏಕೆಂದರೆ ಅಲ್ಲಿನ ಲೆಕ್ಕ ಇನ್ನೂ ಸೋಜಿಗದ್ದು. ವಿಟಮಿನ್ ಬಿ12 ಹೀರಿಕೊಳ್ಳಲು ಬೇಕಾದ ಪದಾರ್ಥ ಹುಟ್ಟುವುದು ಜಠರದಲ್ಲಿ. ಜಠರವೇ ಕುಗ್ಗಿದರೆ ಆ ಪೂರೈಕೆಯೂ ಕುಗ್ಗುತ್ತದೆ. ಪಿತ್ತಜನಕಾಂಗದಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರಬಹುದಾದ್ದರಿಂದ ಕೊರತೆ ಮೊದಲ ತಿಂಗಳುಗಳಲ್ಲಿ ಸುಳಿವೇ ಕೊಡದಿರಬಹುದು. ಆದ್ದರಿಂದಲೇ ಚೆನ್ನಾಗಿದ್ದೇನೆ ಎನಿಸಿದಾಗಲೂ ರಕ್ತ ಪರೀಕ್ಷೆ, ಜೀವನಪರ್ಯಂತ ಮಾತ್ರೆ. ಬಿ1 ಇದಕ್ಕೆ ತದ್ವಿರುದ್ಧ: ದೇಹದಲ್ಲಿ ಎರಡು-ಮೂರು ವಾರಕ್ಕಾಗುವಷ್ಟು ಇದ್ದರೆ ಹೆಚ್ಚು, ಮುಗಿದರೆ ಪೆಟ್ಟು ನರಗಳಿಗೂ ಮಿದುಳಿಗೂ. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಕಾಡಿದರೆ ‘ಅಜೀರ್ಣ ಇರಬೇಕು, ನಾಳೆ ನೋಡೋಣ’ ಎನ್ನುವಂತಿಲ್ಲ; ಅವತ್ತೇ ಆಸ್ಪತ್ರೆಗೆ ಹೊರಡಬೇಕು.