ಇಂಗ್ಲಿಷ್ ನುಡಿಗಟ್ಟು ಮತ್ತು ತೊಗರಿ ಬೇಳೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಕಲಬುರಗಿಗೆ ಬಂದು, ಬಾಡಿಗೆ ಕೋಣೆ ಹಿಡಿದು ನೌಕರಿ ಪರೀಕ್ಷೆಗೆ ಓದುವ ಯುವಕ ಯುವತಿಯರಿಗೆ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಒಂದು ತಲೆನೋವು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಈ ಭಾಗದವರಿಗೆ ಮೀಸಲಾತಿ ಕೊಟ್ಟಿದೆಯಾದರೂ ಕೇಂದ್ರದ ಹುದ್ದೆಗಳಿಗೆ ಅದು ಅನ್ವಯಿಸುವುದಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪ್ರಶ್ನೆಪತ್ರಿಕೆಯಲ್ಲಿ ನುಡಿಗಟ್ಟಿನ ಅರ್ಥ ಕೇಳುತ್ತಾರೆ. ನಾಲ್ಕರಲ್ಲಿ ಒಂದನ್ನು ಆರಿಸಬೇಕು, ತಪ್ಪಿದರೆ ಅಂಕ ಕಳೆಯುತ್ತಾರೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವರು ಪದಕ್ಕೆ ಪದ ಇಟ್ಟು ಅರ್ಥ ಮಾಡಹೊರಟು ಇಲ್ಲಿಯೇ ಎಡವುತ್ತಾರೆ.

ಪದಗಳನ್ನು ಬಿಡಿಸಿದರೆ ಕೈಗೆ ಸಿಗದ ಅರ್ಥವೇ ನುಡಿಗಟ್ಟಿನ ಅರ್ಥ. ‘ಕೀಪ್ ಯುವರ್ ಐಸ್ ಪೀಲ್ಡ್’ ಎಂದರೆ ಕಣ್ಣಿನ ಸಿಪ್ಪೆ ಸುಲಿದಿಟ್ಟುಕೊ ಎಂದಾಯಿತು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂದು ನಾವು ಹೇಳುವಾಗ ಯಾರೂ ಬೆಚ್ಚುವುದಿಲ್ಲವಷ್ಟೆ. ಎರಡೂ ಹೇಳುವುದು ಒಂದೇ: ಎಚ್ಚರ ತಪ್ಪದೆ ನೋಡುತ್ತಿರು. ತನ್ನ ಭಾಷೆಯಲ್ಲೂ ಇಂಥ ಮಾತುಗಳಿವೆ ಎಂದು ತೋರಿಸಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ಪಟ್ಟಿ ಉರುಹೊಡೆಸುವವರು ಅದನ್ನೇ ಮಾಡುವುದಿಲ್ಲ.

‘ಕಟ್ ನೋ ಐಸ್’ ಎಂಬುದನ್ನು ನೋಡಿ. 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮಾತು. ಮಂಜುಗಡ್ಡೆ ಕತ್ತರಿಸುವುದಿಲ್ಲ ಎಂಬುದು ಅಕ್ಷರಾರ್ಥ. ಪ್ರಭಾವ ಬೀರುವುದಿಲ್ಲ, ಆಟ ನಡೆಯುವುದಿಲ್ಲ ಎಂಬುದು ನಿಜವಾದ ಅರ್ಥ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಮಂಜುಗಡ್ಡೆಯ ಮಾತು ಹೊಳೆಯುವುದಾದರೂ ಹೇಗೆ? ಆದರೆ ಇದೇ ಅರ್ಥಕ್ಕೆ ಇಲ್ಲಿ ಮನೆಮನೆಯಲ್ಲೂ ಒಂದು ಮಾತಿದೆ: ‘ಇಲ್ಲಿ ನಿನ್ನ ಬ್ಯಾಳಿ ಬೇಯಂಗಿಲ್ಲ.’

ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ಇದು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಬೇಳೆ ಬೇಯದಿರುವುದು ಅಡುಗೆಮನೆಯ ನಿಜವಾದ ತಾಪತ್ರಯ. ಗಡಸು ನೀರಿನಲ್ಲಿರುವ ಸುಣ್ಣದಂಶವು ಬೇಳೆಯ ಕಣಗಳನ್ನು ಬೆಸೆದಿರುವ ಪೆಕ್ಟಿನ್ನಿನೊಡನೆ ಕೂಡಿ ಅದನ್ನು ಕರಗಗೊಡುವುದಿಲ್ಲ. ಎಷ್ಟು ಕುದಿಸಿದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಅದಕ್ಕೇ ಚಿಟಿಕೆ ಸೋಡಾ ಹಾಕುವುದು, ಇಲ್ಲವೇ ಸಿಹಿನೀರು ತರುವುದು. ಅದೇ ಬೇಳೆ ಬೇರೆ ಬಾವಿಯ ನೀರಿನಲ್ಲಿ ಮೆತ್ತಗೆ ಬೇಯುತ್ತದೆ. ‘ಇಲ್ಲಿ ನಿನ್ನ ಬ್ಯಾಳಿ’ ಎನ್ನುವಾಗ ‘ಇಲ್ಲಿ’ ಎಂಬುದರ ಮೇಲೆ ಒತ್ತು ಬೀಳುವುದನ್ನು ಗಮನಿಸಬೇಕು: ಬೇರೆಡೆ ನಡೆದದ್ದು ಇಲ್ಲಿ ನಡೆಯದು.

ಈ ಮಾತು ಕನ್ನಡದ್ದು ಮಾತ್ರವಲ್ಲ. ನಿಜಾಮರ ಆಳ್ವಿಕೆಯಲ್ಲಿ 1948ರವರೆಗೆ ಇದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಗಡಿನಾಡಿನಲ್ಲಿ ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಸುತ್ತ ‘ಯಹಾಂ ತುಮ್ಹಾರೀ ದಾಲ್ ನಹೀಂ ಗಲೇಗೀ’ ಎನ್ನಬಹುದು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬರುವ ಮರಾಠಿ ಭಕ್ತರು ‘ಇಥೇ ತುಝೀ ಡಾಳ ಶಿಜಣಾರ ನಾಹೀ’ ಎಂದಾರು. ಬೇಳೆ ತಿನ್ನುವ ಜನಕ್ಕೆ ಬೇಳೆಯ ನುಡಿಗಟ್ಟು.

ಪತ್ರಿಕೆಗಳೂ ಇಂಗ್ಲಿಷಿನಿಂದ ಹಲವನ್ನು ತಂದಿವೆ. ‘ಹಸಿರು ನಿಶಾನೆ’ ಬಲು ಬೇಗ ನಮ್ಮದಾಯಿತು. ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಹಸಿರು ಬಾವುಟ ಬೀಸಿದ್ದನ್ನು ಕಂಡವರಿಗೆ ವಿವರಣೆ ಬೇಡ. ‘ಮಂಜುಗಡ್ಡೆಯ ತುದಿ’ ಹಾಗಲ್ಲ. ಸಮುದ್ರದಲ್ಲಿ ತೇಲುವ ಹಿಮದ ಗುಡ್ಡದ ಬಹುಪಾಲು ನೀರೊಳಗಿದ್ದು ಸುಮಾರು ಹತ್ತರಲ್ಲೊಂದು ಭಾಗವಷ್ಟೇ ಮೇಲೆ ಕಾಣುತ್ತದೆಂದು ತಿಳಿದವರಿಗೆ ಮಾತ್ರ ಅದರಲ್ಲಿ ಸ್ವಾರಸ್ಯ.

ಕೆಲವೊಮ್ಮೆ ಎರಡೂ ಕಡೆಯವರು ಒಂದೇ ಆಕಾಶ ನೋಡಿ ಮಾತು ಕಟ್ಟಿದ್ದಾರೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಅಪರೂಪಕ್ಕೊಮ್ಮೆ. ನಮ್ಮಲ್ಲಿ ‘ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ’ ಎನ್ನುತ್ತಾರೆ. ಲೆಕ್ಕ ಹಾಕಿದರೆ ನಮ್ಮವರ ಅಪರೂಪ ತಿಂಗಳಿಗೆ ಎರಡು ಸಲ ಬಂದೀತು, ಅದು ಬೇರೆ ಮಾತು. ಒಂದೇ ತಿಂಗಳಲ್ಲಿ ಬೀಳುವ ಎರಡನೇ ಹುಣ್ಣಿಮೆಗೆ ‘ನೀಲಿ ಚಂದ್ರ’ ಎಂಬ ಹೆಸರು ಬಂದದ್ದು 1946ರಲ್ಲಿ ಅಮೆರಿಕದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯ ಲೇಖನವೊಂದು ಮಾಡಿಕೊಂಡ ತಪ್ಪುಗ್ರಹಿಕೆಯಿಂದ. ನುಡಿಗಟ್ಟು ಅದಕ್ಕಿಂತ ಹಳೆಯದು. 19 ವರ್ಷಗಳಲ್ಲಿ 228 ತಿಂಗಳು, ಹುಣ್ಣಿಮೆಗಳು 235. ಹೆಚ್ಚಾಗುವ ಆ ಏಳು ಅವರಿಗೆ ನೀಲಿ ಚಂದ್ರ, ನಮ್ಮ ಪಂಚಾಂಗಕ್ಕೆ ಅಧಿಕ ಮಾಸ.

ಅರ್ಥ ತಿಳಿದರಷ್ಟೇ ಸಾಲದು, ಸಂದರ್ಭವೂ ತಿಳಿಯಬೇಕು. ‘ಕಿಕ್ ದ ಬಕೆಟ್’ ಎದುರು ಪಟ್ಟಿಯಲ್ಲಿ ‘ಸಾಯು’ ಎಂದಷ್ಟೇ ಇರುತ್ತದೆ. ಆದರೆ ಅದು ‘ಗೊಟಕ್ ಅಂದ’ ಎಂಬ ಜಾತಿಯ ಹಗುರ ಮಾತು. ಪಟ್ಟಿಯನ್ನು ನಂಬಿ ಹಿರಿಯರ ಮನೆಗೆ ಸಂತಾಪದ ಪತ್ರ ಬರೆದರೆ ಏನಾದೀತು? ‘ಲಿಂಗೈಕ್ಯರಾದರು’ ಎನ್ನಬೇಕಾದಲ್ಲಿ ‘ಗೊಟಕ್’ ಎಂದಂತೆ.

‘ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್’ ಎಂಬುದಂತೂ ಊರು ಗೊತ್ತಿಲ್ಲದವರಿಗೆ ಒಗಟೇ ಸರಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಕಲ್ಲಿದ್ದಲು ಹೊರಗೆ ಸಾಗಿಸುತ್ತಿದ್ದ ಊರು. ಅಲ್ಲಿಗೇ ಇದ್ದಲು ಒಯ್ಯುವುದು ವ್ಯರ್ಥ ಕೆಲಸ. ಹಿಂದಿಯವರು ಇದನ್ನು ‘ಉಲ್ಟೇ ಬಾಂಸ್ ಬರೇಲಿ ಕೋ’, ಅಂದರೆ ಬರೇಲಿಗೇ ಬಿದಿರು ಎನ್ನುತ್ತಾರೆ. ಜೇವರ್ಗಿಯ ವಿದ್ಯಾರ್ಥಿಗೆ ಮೇಷ್ಟರು ‘ನಮ್ಮೂರಿಗೇ ತೊಗರಿ ಹೇರಿಕೊಂಡು ಬಂದಂಗ’ ಎಂದು ಹೇಳಿಕೊಟ್ಟರೆ ಪಟ್ಟಿಯ ಆ ಸಾಲನ್ನು ಅವನು ಇನ್ನೊಮ್ಮೆ ಓದಬೇಕಾಗಿಲ್ಲ.